ಸಾರುವೆಯ ಟ್ಯಾಗ್ ಹತ್ತುವವರಿಗಾಗಿ ಇರಲಿ: ಕಾರ್ಮಿಕ ಇಲಾಖೆಗೆ ಒಂದು ಬಹಿರಂಗ ಪತ್ರ

ಗೆ,
ಕಾರ್ಮಿಕ ಇಲಾಖೆ, ಕರ್ನಾಟಕ ಸರ್ಕಾರ,
ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆ,
ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿ,
ಮತ್ತು ಕಟ್ಟಡ ಕಟ್ಟಿಸುತ್ತಿರುವ ಎಲ್ಲರಿಗೆ.

ಮಾನ್ಯರೇ,

ದೊಡ್ಡ ಕಟ್ಟಡದ ಸೈಟುಗಳಲ್ಲಿ ಸಾರುವೆಯ, ಅಂದರೆ ಎತ್ತರದಲ್ಲಿ ನಿಂತು ಕೆಲಸ ಮಾಡಲು ಕಟ್ಟುವ ಕಂಬ-ಹಲಗೆಗಳ ಅಟ್ಟಣಿಗೆಯ, ಏಣಿಯ ಬುಡದಲ್ಲಿ ಅಂಗೈಯಗಲದ ಒಂದು ಕಾರ್ಡ್ ನೇತಾಡುತ್ತಿರುತ್ತದೆ. ಹಸಿರು ಇದ್ದರೆ ಹತ್ತಬಹುದು. ಹಳದಿ ಇದ್ದರೆ ಷರತ್ತಿನ ಮೇಲೆ ಹತ್ತಬಹುದು. ಕೆಂಪು ಇದ್ದರೆ ಹತ್ತಬಾರದು. ಇದೇ ಸ್ಕ್ಯಾಫೋಲ್ಡಿಂಗ್ ಟ್ಯಾಗ್. ನಾನು ಬೆಂಗಳೂರಿನ ಸೈಟುಗಳಲ್ಲಿ ಸುರಕ್ಷತೆಯ ಕೆಲಸ ಮಾಡುವವನು. ಈ ಇಡೀ ಪತ್ರ ಆ ಒಂದು ಕಾರ್ಡಿನ ಬಗ್ಗೆ. ಇಷ್ಟು ಸಣ್ಣ ವಿಷಯಕ್ಕೆ ಸರ್ಕಾರಕ್ಕೆ ಪತ್ರವೇ ಅನಿಸಬಹುದು. ಆದರೆ ನಲವತ್ತು ಅಡಿ ಮೇಲೆ ಹಲಗೆಯ ಮೇಲೆ ನಿಂತು ಪ್ಲಾಸ್ಟರಿಂಗ್ ಮಾಡುವವರಿಗೆ, ಆ ಹಲಗೆ ಗಟ್ಟಿಯಾಗಿದೆ ಎಂದು ಯಾರಾದರೂ ನೋಡಿದ್ದಾರಾ ಅಂತ ತಿಳಿಯಲು ಇರುವ ದಾರಿ ಅದೊಂದೇ.

ನನ್ನ ತಕರಾರು ಇಷ್ಟು. ಈಗ ಬಳಕೆಯಲ್ಲಿರುವ ಟ್ಯಾಗನ್ನು ಆಡಿಟ್‌ಗೆ ಬರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದಾರೆ. ಅದರ ಮೇಲಿರುವುದು ಇಂಗ್ಲಿಷು. ಭಾರದ ಲೆಕ್ಕ ಕಿಲೋನ್ಯೂಟನ್‌ನಲ್ಲಿ. ಮುಕ್ಕಾಲು ಜಾಗ ಕಂಪನಿಯ ಲೋಗೋಗೆ, ಸೀರಿಯಲ್ ನಂಬರಿಗೆ, ಸಹಿಗಳಿಗೆ ಹೋಗಿಬಿಡುತ್ತದೆ. ಅದನ್ನು ದಿನವೂ ದಾಟಿ ಮೇಲೆ ಹೋಗುವವರು ಯಾದಗಿರಿ, ರಾಯಚೂರು, ಕೊಪ್ಪಳದ ಕಡೆಯಿಂದ ಬಂದವರು. ಒಡಿಶಾ, ಬಿಹಾರ, ಜಾರ್ಖಂಡ್, ಪಶ್ಚಿಮ ಬಂಗಾಳದಿಂದ ಬಂದವರು. ಆ ಕಾರ್ಡ್ ಏನು ಹೇಳುತ್ತಿದೆ ಅಂತ ಅವರಲ್ಲಿ ಎಷ್ಟೋ ಜನರನ್ನು ಕೂರಿಸಿಕೊಂಡು ಯಾರೂ ಹೇಳಿಲ್ಲ. ಕಾರ್ಡ್ ಇರಬೇಕಾದ್ದು ಅವರಿಗಾಗಿ. ಇಷ್ಟನ್ನು ಒಪ್ಪಿಕೊಂಡರೆ ಅದರಲ್ಲಿ ಏನೇನು ಬದಲಾಗಬೇಕು ಅನ್ನುವುದು ಕಾಣುತ್ತಾ ಹೋಗುತ್ತದೆ.

ಮೊದಲು ಸಾರುವೆಯ ಸ್ವಭಾವ ಹೇಳುತ್ತೇನೆ, ಏಕೆಂದರೆ ಟ್ಯಾಗಿನ ಕಷ್ಟವೆಲ್ಲ ಅಲ್ಲಿಂದಲೇ ಶುರು. ಕಟ್ಟಡ ಒಮ್ಮೆ ಎದ್ದರೆ ಹಾಗೇ ಇರುತ್ತದೆ. ಸಾರುವೆ ಹಾಗಲ್ಲ, ದಿನಾ ಬದಲಾಗುತ್ತದೆ. ಬೆಳಿಗ್ಗೆ ಎಂಟಕ್ಕೆ ಎಲ್ಲ ಸರಿ ಇದೆ ಅಂತ ಹಸಿರು ಟ್ಯಾಗ್ ಹಾಕಿರುತ್ತೇವೆ. ಹತ್ತು ಗಂಟೆಗೆ ಪ್ಲಾಸ್ಟರಿಂಗ್‌ನವರು ಬರುತ್ತಾರೆ. ಸಾರುವೆಯನ್ನು ಗೋಡೆಗೆ ಹಿಡಿದಿಟ್ಟಿರುವ ಟೈ ಅವರ ಕೈಗೆ ಅಡ್ಡ ಬರುತ್ತದೆ. ಬಿಚ್ಚುತ್ತಾರೆ. ಆಮೇಲೆ ಹಾಕೋಣ ಅಂದುಕೊಂಡಿರುತ್ತಾರೆ, ಅಷ್ಟರಲ್ಲಿ ಬೇರೆ ಗೋಡೆಗೆ ಕರೆಯುತ್ತಾರೆ. ಹನ್ನೊಂದಕ್ಕೆ ಪ್ಲಂಬರ್ ಬಂದು ಪೈಪು ಮೇಲೆ ಎಳೆದುಕೊಳ್ಳಲು ಎರಡು ಹಲಗೆ ಸರಿಸುತ್ತಾನೆ. ಮಧ್ಯಾಹ್ನ ಯಾರಿಗೋ ಪೈಪು ಬಿಗಿಯುವ ಒಂದು ಕ್ಲ್ಯಾಂಪ್ ಬೇಕಾಗುತ್ತದೆ. ಕೆಳಗಿನ ಸಾಲಿನಿಂದ ಕಿತ್ತುಕೊಂಡು ಹೋಗುತ್ತಾರೆ. ಇದರಲ್ಲಿ ಒಬ್ಬರೂ ಕೆಟ್ಟವರಲ್ಲ. ಎಲ್ಲರೂ ಅವರವರ ಕೆಲಸ ಮುಗಿಸುವ ಗಡಿಬಿಡಿಯಲ್ಲಿ ಇರುತ್ತಾರೆ. ಆದರೆ ಸಂಜೆ ಮೂರಕ್ಕೆ ಆ ಏಣಿ ಹತ್ತುವವರು ನೋಡುವುದು ಅದೇ ಬೆಳಗಿನ ಹಸಿರು ಕಾರ್ಡ್.

ಅದರ ಮೇಲೆ ಮಳೆ. ಏಪ್ರಿಲ್-ಮೇ ತಿಂಗಳಲ್ಲಿ ಬೆಂಗಳೂರಿಗೆ ಸಂಜೆ ಹೊತ್ತು ಬರುವ ಗಾಳಿಮಳೆ ನಿಮಗೆ ಗೊತ್ತೇ ಇದೆ. ಒಂದೇ ಗಂಟೆಯ ಮಳೆಗೆ ತುಂಬಿದ ಮಣ್ಣು ಕುಸಿದು, ಸಾರುವೆಯ ಕಂಬದ ಬುಡಕ್ಕೆ ಇಟ್ಟ ಬೇಸ್ ಪ್ಲೇಟ್ ಒಂದು ಪಕ್ಕಕ್ಕೆ ಇಳಿಯುತ್ತದೆ. ಹಸಿರು ಬಲೆ ಕಟ್ಟಿದ ಸಾರುವೆಗೆ ಗಾಳಿ ಬಡಿದರೆ ಇಡೀ ಸಾರುವೆ ಹಾಯಿಯಂತೆ ಉಬ್ಬಿ ಟೈಗಳನ್ನು ಜಗ್ಗುತ್ತದೆ. ಮಂಗಳೂರು, ಉಡುಪಿ, ಕಾರವಾರದ ಕಡೆ ಇದು ತಿಂಗಳುಗಟ್ಟಲೆ ನಡೆಯುತ್ತದೆ. ಮಾರನೇ ದಿನ ಬೆಳಿಗ್ಗೆ ಟ್ಯಾಗ್ ಮಾತ್ರ ಹಾಗೇ ಹಸಿರು. ಎಷ್ಟೋ ಕಡೆ ಅದರ ಮೇಲಿನ ಶಾಯಿ ಕರಗಿ ತಾರೀಕೂ ಕಾಣುವುದಿಲ್ಲ.

ಇದಕ್ಕೆ ಕಾನೂನು ಇಲ್ಲವಾ? ಇದೆ. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯ ಕೆಳಗೆ 1998ರಲ್ಲಿ ಕೇಂದ್ರದ ನಿಯಮಗಳು ಬಂದವು, 2006ರಲ್ಲಿ ಕರ್ನಾಟಕದ್ದು. ಸಾರುವೆಗೆ ಭಾರತೀಯ ಮಾನಕ ಸಂಸ್ಥೆಯ ಐಎಸ್ 3696, ಐಎಸ್ 4014 ಅನ್ನುವ ಮಾನಕಗಳು ಇವೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಏಳನೇ ಭಾಗ ಇದೆ. ಜವಾಬ್ದಾರಿ ಇರುವವರು ಸಾರುವೆ ಪರೀಕ್ಷೆ ಮಾಡಬೇಕು ಅನ್ನುವುದು ಹೊಸ ಮಾತಲ್ಲ. ಎತ್ತರದ ಕೆಲಸದ ಬಗ್ಗೆ ಬ್ರಿಟನ್ನಿನ 2005ರ ನಿಯಮ ಏಳು ದಿನಕ್ಕೊಮ್ಮೆ ಪರೀಕ್ಷೆ ಕೇಳುತ್ತದೆ. ಅಮೆರಿಕದ ಕಾರ್ಮಿಕ ಸುರಕ್ಷತೆಯ ಸಂಸ್ಥೆ ಓಶಾ ಪ್ರತಿ ಪಾಳಿಗೂ ಮುಂಚೆ ನೋಡಿ ಅನ್ನುತ್ತದೆ. ಆದರೆ ಪರೀಕ್ಷೆಯ ಫಲ ರಿಜಿಸ್ಟರ್‌ನಲ್ಲಿ, ಆಫೀಸಿನ ಕಪಾಟಿನಲ್ಲಿ ಇರುತ್ತದೆ. ಏಣಿಯ ಬುಡಕ್ಕೆ ಬರುವುದು ಟ್ಯಾಗ್ ಮಾತ್ರ. ಅದು ಹೇಗಿರಬೇಕು ಅನ್ನುವುದನ್ನು ಆಯಾ ಕಂಪನಿ ತನಗೆ ತೋಚಿದಂತೆ ಮಾಡಿಕೊಂಡಿದೆ. ಒಂದು ಸೈಟಿನಲ್ಲಿ ಹಳದಿ ಅಂದರೆ ಸುರಕ್ಷತಾ ಬೆಲ್ಟ್ ಹಾಕಿಕೊಂಡು ಹತ್ತಿ ಅಂತ. ಪಕ್ಕದ ಸೈಟಿನಲ್ಲಿ ಹಳದಿ ಅಂದರೆ ಇನ್ನೂ ಕಟ್ಟುತ್ತಿದ್ದೇವೆ, ಹತ್ತಬೇಡಿ ಅಂತ. ಆಳುಗಳು ತಿಂಗಳಿಗೊಂದು ಸೈಟ್ ಬದಲಿಸುತ್ತಾರೆ. ಅವರು ಯಾವುದನ್ನು ನಂಬಬೇಕು?

ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ಹುಟ್ಟಿಸುವುದು ಟ್ಯಾಗ್ ಇಲ್ಲದ ಏಣಿ. ಕೆಂಪು ಕಾರ್ಡನ್ನು ಬೇರೆಯಾಗಿ ತಂದು ನೇತುಹಾಕಬೇಕು ಅನ್ನುವ ಪದ್ಧತಿ ಇರುವಲ್ಲಿ, ಅದು ಗಾಳಿಗೆ ಹಾರಿಹೋದರೆ ಏನರ್ಥ? ಕಾರ್ಡ್ ಇಲ್ಲ, ಅಂದರೆ ತಡೆಯೂ ಇಲ್ಲ ಅಂದುಕೊಂಡು ಜನ ಹತ್ತುತ್ತಾರೆ. ತಪ್ಪು ಅವರದ್ದಲ್ಲ, ಟ್ಯಾಗನ್ನು ಹಾಗೆ ಮಾಡಿದವರದ್ದು. ಇದಕ್ಕೆ ಒಳ್ಳೆಯ ದಾರಿ ಈಗಾಗಲೇ ಇದೆ. ಏಣಿಗೆ ಗಟ್ಟಿಯಾಗಿ ಬಿಗಿದ ಒಂದು ಹೋಲ್ಡರ್. ಅದರ ಮೇಲೇ ‘ಹತ್ತಬೇಡಿ’ ಅಂತ ದೊಡ್ಡದಾಗಿ ಅಚ್ಚಾಗಿರುತ್ತದೆ. ಪರೀಕ್ಷೆ ಆದಮೇಲೆ ಹಸಿರು ಕಾರ್ಡನ್ನು ಅದರೊಳಗೆ ತೂರಿಸಿದರೆ ಮಾತ್ರ ಆ ಮಾತು ಮುಚ್ಚುತ್ತದೆ. ಕಾರ್ಡ್ ತೆಗೆದರೆ, ಬಿದ್ದುಹೋದರೆ, ಕದ್ದುಹೋದರೆ, ಕೆಂಪು ತಾನಾಗಿ ಹೊರಗೆ ಬರುತ್ತದೆ. ಅಂದರೆ ಸಾರುವೆ ಹುಟ್ಟಿದಾಗಲೇ ಕೆಂಪು. ಯಾರಾದರೂ ನೋಡಿ ಒಪ್ಪಿದ ಹೊತ್ತಿಗೆ ಮಾತ್ರ ಹಸಿರು. ಈ ಹೋಲ್ಡರಿಗೆ ಆಗುವ ಖರ್ಚು ಕಟ್ಟಡದ ಖರ್ಚಿನ ಮುಂದೆ ಲೆಕ್ಕಕ್ಕೇ ಇಲ್ಲ. ರಾಜ್ಯದ ಎಲ್ಲ ಸೈಟಿಗೂ ಇದೊಂದನ್ನು ಕಡ್ಡಾಯ ಮಾಡಿದರೂ ಬಹಳ ಆಯಿತು ಅನ್ನುವವನು ನಾನು.

ಆದರೆ ಒಂದು ಸಾರುವೆಗೆ ಒಂದೇ ಏಣಿ ಇರುವುದಿಲ್ಲ. ಉದ್ದ ಕಟ್ಟಡದಲ್ಲಿ ನಾಲ್ಕೈದು ಕಡೆಯಿಂದ ಹತ್ತುತ್ತಾರೆ. ಕೆಲವರು ಒಳಗಿನಿಂದ, ಮೂರನೇ ಮಹಡಿಯ ಕಿಟಕಿಯಿಂದ ನೇರವಾಗಿ ಹಲಗೆಗೆ ಕಾಲಿಡುತ್ತಾರೆ. ಮುಖ್ಯ ಗೇಟಿನ ಕಡೆ ಮಾತ್ರ ಟ್ಯಾಗ್ ನೇತಾಡುತ್ತಿದ್ದರೆ ಅದು ಗೇಟಿನಿಂದ ಬರುವ ಅತಿಥಿಗಳಿಗೆ ಕಂಡೀತು, ಕಿಟಕಿಯಿಂದ ಇಳಿಯುವ ಪೇಂಟರ್‌ಗೆ ಕಾಣುವುದಿಲ್ಲ. ಕಾಲಿಡುವ ಪ್ರತಿ ಜಾಗದಲ್ಲೂ ಟ್ಯಾಗ್ ಬೇಕು. ಟ್ಯಾಗ್ ಇಲ್ಲದ ಜಾಗವನ್ನು ಪೈಪು ಅಡ್ಡ ಹಾಕಿ ಮುಚ್ಚಬೇಕು.

ಇನ್ನು ಹಳದಿ. ಹಳದಿ ಟ್ಯಾಗ್ ಬಂದದ್ದು ಒಂದೆರಡು ದಿನದ ಕೊರತೆಗೆ. ಉದಾಹರಣೆಗೆ, ಕ್ರೇನ್ ಬರುವ ಕಡೆ ಗಾರ್ಡ್ ರೈಲ್, ಅಂದರೆ ಅಂಚಿನ ತಡೆಕಂಬಿ, ಹಾಕಲಾಗದಿದ್ದರೆ, ಅಲ್ಲಿ ಬೆಲ್ಟ್ ಕೊಕ್ಕೆ ಹಾಕಿಕೊಂಡೇ ಕೆಲಸ ಮಾಡಿ ಅಂತ ಹೇಳುವುದಕ್ಕೆ. ನಮ್ಮಲ್ಲಿ ಹಳದಿ ವಾರಗಟ್ಟಲೆ, ತಿಂಗಳುಗಟ್ಟಲೆ ಉಳಿದುಬಿಡುತ್ತದೆ. ಕೆಂಪು ಹಾಕಿದರೆ ಕೆಲಸ ನಿಲ್ಲುತ್ತದೆ. ಹಸಿರು ಹಾಕಲು ಧೈರ್ಯ ಸಾಲದು. ಹಾಗಾಗಿ ಹಳದಿ ಎಲ್ಲರಿಗೂ ಅನುಕೂಲ. ‘ಎಚ್ಚರಿಕೆಯಿಂದ ಬಳಸಿ’ ಅಂತ ಬರೆದಿರುತ್ತಾರೆ. ಯಾವುದಕ್ಕೆ ಎಚ್ಚರಿಕೆ? ಹಲಗೆಗೋ, ಏಣಿಗೋ, ತಲೆ ಮೇಲಿನ ಕರೆಂಟ್ ತಂತಿಗೋ? ಹಳದಿ ಕಾರ್ಡಿನಲ್ಲಿ ಏನು ಕೊರತೆ ಇದೆ, ಎಲ್ಲಿದೆ, ಯಾವತ್ತು ಸರಿಹೋಗುತ್ತದೆ ಅಂತ ಬರೆದಿರಲೇಬೇಕು. ಆ ತಾರೀಕು ದಾಟಿದ ಹಳದಿಯನ್ನು ಕೆಂಪು ಅಂತಲೇ ಎಣಿಸಬೇಕು.

ಭಾರದ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ಟ್ಯಾಗಿನಲ್ಲಿ ‘ಚದರ ಮೀಟರಿಗೆ 1.5 ಕಿಲೋನ್ಯೂಟನ್’ ಅಂತ ಇದೆ ಅಂದುಕೊಳ್ಳಿ. ಎಂಜಿನಿಯರ್ ಓದಿಕೊಳ್ಳುತ್ತಾರೆ, ಸರಿ. ಬ್ಲಾಕ್ ಹೊರುವ ಹೆಲ್ಪರ್ ಏನು ಮಾಡಬೇಕು? ಅದನ್ನೇ ಬೇರೆ ರೀತಿ ಹೇಳಬಹುದು. 1.5 ಕಿಲೋನ್ಯೂಟನ್ ಅಂದರೆ ಹೆಚ್ಚುಕಡಿಮೆ 150 ಕೆಜಿ. ಎರಡೂವರೆ ಮೀಟರ್ ಉದ್ದ, 1.2 ಮೀಟರ್ ಅಗಲದ ಒಂದು ಅಂಕಣ, ಅಂದರೆ ಕಂಬಗಳ ನಡುವಿನ ಒಂದು ಭಾಗ, 3 ಚದರ ಮೀಟರ್ ಆಗುತ್ತದೆ. ಒಟ್ಟು 450 ಕೆಜಿ. ಸಾಮಾನು ಸಮೇತ ಮೂರು ಜನ ನಿಂತರೆ ಅಲ್ಲಿಗೆ 240 ಕೆಜಿ ಹೋಯಿತು. ಉಳಿದದ್ದು 210 ಕೆಜಿ, ಅಂದರೆ 50 ಕೆಜಿಯ ನಾಲ್ಕು ಸಿಮೆಂಟ್ ಚೀಲ. ಇಲ್ಲವೇ ಆರು ಇಂಚಿನ ಎಂಟು ಸಾಲಿಡ್ ಬ್ಲಾಕ್. ಇಷ್ಟನ್ನೇ ಚಿತ್ರದಲ್ಲಿ ಹಾಕಿ: ಮೂರು ಜನ, ನಾಲ್ಕು ಚೀಲ. ಯಾವ ಭಾಷೆಯವರಿಗೂ ತಿಳಿಯುತ್ತದೆ. ಏಕಕಾಲಕ್ಕೆ ಎಷ್ಟು ಅಂತಸ್ತಿನ ಮೇಲೆ ಹೀಗೆ ಭಾರ ಹಾಕಬಹುದು ಅನ್ನುವುದನ್ನೂ ಅಲ್ಲೇ ತೋರಿಸಿ. ಲೆಕ್ಕ ಮಾಡುವ ಕೆಲಸ ಡಿಸೈನ್ ಮಾಡುವವರದ್ದು. ಅದನ್ನು ಬಿಸಿಲಲ್ಲಿ ಬಾಂಡ್ಲಿ ಹೊತ್ತ ಹೆಂಗಸಿನ ಮೇಲೆ ಹಾಕುವುದು ನ್ಯಾಯವಲ್ಲ. ಲಂಚ್ ಮುಗಿಸಿ ಬಂದವರು ಬೇಗ ಮುಗಿಯಲಿ ಅಂತ ಮೂವತ್ತು ಬ್ಲಾಕ್ ಒಂದೇ ಅಂಕಣದಲ್ಲಿ ಪೇರಿಸಿದ್ದನ್ನು ನಾನು ನೋಡಿದ್ದೇನೆ. ಏಳುನೂರು ಕೆಜಿ. ಅವರಿಗೆ ಮಿತಿ ಎಷ್ಟು ಅಂತ ಯಾರೂ ಹೇಳಿರಲಿಲ್ಲ. ಟ್ಯಾಗಿನಲ್ಲಿ ಇತ್ತು, ಅವರಿಗೆ ಓದಲಾಗದ ರೂಪದಲ್ಲಿ.

ಚಿತ್ರದ ಮಾತು ಬಂದದ್ದರಿಂದ ಇನ್ನೊಂದು. ಕೆಂಪು, ಹಸಿರು ಎರಡನ್ನೂ ಬೇರೆ ಮಾಡಿ ನೋಡಲಾಗದ ಗಂಡಸರು ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇದ್ದಾರೆ. ಬರೀ ಬಣ್ಣವನ್ನೇ ನಂಬಿದರೆ ಅವರಿಗೆ ಟ್ಯಾಗ್ ಇದ್ದೂ ಇಲ್ಲದಂತೆ. ಬಣ್ಣದ ಜೊತೆ ಗುರುತೂ ಇರಲಿ. ಹಸಿರಿಗೆ ದೊಡ್ಡ ರೈಟ್ ಗುರುತು, ಕೆಂಪಿಗೆ ಅಡ್ಡಗೆರೆ ಎಳೆದ ಏಣಿ, ಹಳದಿಗೆ ಬೆಲ್ಟ್ ಹಾಕಿದ ಮನುಷ್ಯ. ಕೆಳಗೆ ಕನ್ನಡ, ಹಿಂದಿ. ಆ ಸೈಟಿನಲ್ಲಿ ಒಡಿಯಾ, ಬಂಗಾಳಿ, ತೆಲುಗಿನವರು ಇದ್ದರೆ ಅವರ ಭಾಷೆಯ ಚೀಟಿಯೂ. ನೀರಿಗೆ ಅಳಿಯದ ಶಾಯಿ.

ಸಹಿಯ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ. ಟ್ಯಾಗಿನ ಹಿಂಬದಿಯಲ್ಲಿ ವಾರದ ಖಾನೆಗಳು ಇರುತ್ತವೆ. ಎಷ್ಟೋ ಸೈಟಿನಲ್ಲಿ ಸೋಮವಾರ ಬೆಳಿಗ್ಗೆಯೇ ಭಾನುವಾರದವರೆಗಿನ ಖಾನೆ ತುಂಬಿರುತ್ತದೆ. ಒಂದೇ ಪೆನ್ನು, ಒಂದೇ ಓಟದ ಅಕ್ಷರ. ಕೇಳಿದರೆ ‘ಸರ್, ಆಡಿಟ್ ಇದೆ’ ಅನ್ನುತ್ತಾರೆ. ಸಹಿ ಹಾಕುವವರು ಬಹಳ ಸಲ ಸಾರುವೆ ಕಟ್ಟಿದ ಸಬ್ ಕಾಂಟ್ರಾಕ್ಟರ್ ಕಡೆಯವರೇ. ತಾವು ಕಟ್ಟಿದ್ದಕ್ಕೆ ತಾವೇ ಪಾಸ್ ಕೊಟ್ಟುಕೊಳ್ಳುವುದು. ನಾನು ಕೆಲಸ ಮಾಡಿದ ಒಂದು ಕಡೆ, ಕೆಡವಿ ಬೇರೆ ಗೋಡೆಗೆ ಸಾಗಿಸಿದ ಸಾರುವೆಯ ಜೊತೆ ಹಳೇ ಹಸಿರು ಟ್ಯಾಗೂ ಪ್ರಯಾಣ ಮಾಡಿತ್ತು. ಹೊಸ ಜಾಗದಲ್ಲಿ ಅದನ್ನು ಯಾರೂ ನೋಡಿರಲಿಲ್ಲ.

ಆದ್ದರಿಂದ ಎರಡು ಹೆಸರು ಬೇಕು. ಕಟ್ಟಿ ಒಪ್ಪಿಸಿದವರದ್ದು ಒಂದು, ನೋಡಿ ಒಪ್ಪಿಕೊಂಡವರದ್ದು ಇನ್ನೊಂದು. ಗೀಚಿದ ಸಹಿ ಸಾಲದು, ಓದಲು ಬರುವ ಹೆಸರು ಮತ್ತು ಫೋನ್ ನಂಬರ್ ಇರಲಿ. ಟ್ಯಾಗಿನ ಮೇಲೆ ಸಾರುವೆಯ ಜಾಗ ಬರೆದಿರಲಿ: ಯಾವ ಬ್ಲಾಕು, ಯಾವ ಕಡೆಯ ಗೋಡೆ. ಜಾಗ ಬದಲಾದರೆ ಟ್ಯಾಗ್ ಸತ್ತಂತೆ. ಮತ್ತು ‘ಇವತ್ತು ನೋಡಿದ್ದು’ ಅನ್ನುವುದಕ್ಕಿಂತ ದೊಡ್ಡ ಅಕ್ಷರದಲ್ಲಿ ‘ಇಷ್ಟರವರೆಗೆ ಮಾತ್ರ’ ಅನ್ನುವ ತಾರೀಕು ಕಾಣಲಿ. ಹಾಲಿನ ಪ್ಯಾಕೆಟ್ ಕೊಳ್ಳುವಾಗ ನಾವು ಹುಡುಕುವುದೂ ಅದನ್ನೇ ಅಲ್ವಾ?

ಟ್ಯಾಗಿನ ಹಿಂದೆ ಇರುವ ಪ್ರಶ್ನೆಗಳ ಪಟ್ಟಿಯಲ್ಲಿ ಒಂದು ಪ್ರಶ್ನೆ ಯಾವಾಗಲೂ ತಪ್ಪಿಹೋಗುತ್ತದೆ. ಈ ಸಾರುವೆ ಯಾವುದನ್ನು ಹಿಡಿದು ನಿಂತಿದೆ? 1978ರ ಏಪ್ರಿಲ್ 27ರಂದು ಅಮೆರಿಕದ ವೆಸ್ಟ್ ವರ್ಜೀನಿಯಾದ ವಿಲ್ಲೋ ಐಲ್ಯಾಂಡಿನಲ್ಲಿ ಕೂಲಿಂಗ್ ಟವರ್ ಕಟ್ಟುತ್ತಿದ್ದಾಗ ಸಾರುವೆ ಕುಸಿದು 51 ಕಾರ್ಮಿಕರು ಸತ್ತರು. ಆ ಸಾರುವೆಯನ್ನು ಬೋಲ್ಟ್ ಹಾಕಿ ಬಿಗಿದದ್ದು ಟವರಿನ ಕಾಂಕ್ರೀಟ್ ಗೋಡೆಗೇ. ಹಿಂದಿನ ದಿನ ಹಾಕಿದ ಆ ಕಾಂಕ್ರೀಟಿಗೆ ಇನ್ನೂ ಸಾಕಷ್ಟು ಬಲ ಬಂದಿರಲಿಲ್ಲ. ಮೇಲಿನ ಭಾರಕ್ಕೆ ಹಸಿ ಗೋಡೆ ಸುಲಿದು ಬಂತು. ನಮ್ಮ ಸೈಟುಗಳಲ್ಲಿ ಅಷ್ಟು ದೊಡ್ಡ ಟವರ್ ಇಲ್ಲದಿರಬಹುದು. ಆದರೆ ನಿನ್ನೆ ಕಟ್ಟಿದ ಪ್ಯಾರಪೆಟ್ ಗೋಡೆಗೆ, ಕಿಟಕಿಯ ಗ್ರಿಲ್ಲಿಗೆ, ನೀರಿನ ಪೈಪಿಗೆ ಸಾರುವೆ ಕಟ್ಟಿರುವುದನ್ನು ಯಾವ ಬಡಾವಣೆಯಲ್ಲಿ ಬೇಕಾದರೂ ನೋಡಬಹುದು. ಹಲಗೆ, ಏಣಿ, ರೈಲ್ ಎಲ್ಲಕ್ಕೂ ಟಿಕ್ ಹಾಕುವ ಖಾನೆ ಇರುತ್ತದೆ. ಬುಡ ಯಾವುದರ ಮೇಲಿದೆ, ಟೈ ಯಾವುದಕ್ಕಿದೆ ಅನ್ನುವುದಕ್ಕೆ ಟಿಕ್ ಸಾಲದು. ಎರಡು ಪದ ಬರೆಯಬೇಕು. ‘ಗಟ್ಟಿ ಕಾಂಕ್ರೀಟ್ ಕಾಲಂಗೆ’ ಅಂತ ಬರೆಯಬೇಕಾದರೆ ಹೋಗಿ ನೋಡಲೇಬೇಕಾಗುತ್ತದೆ.

ಈಗ ಎಲ್ಲರೂ ಕ್ಯೂಆರ್ ಕೋಡ್ ಅನ್ನುತ್ತಾರೆ. ನಾನು ವಿರೋಧಿ ಅಲ್ಲ. ಪರೀಕ್ಷೆ ಮಾಡುವವರು ಬುಡ, ಟೈ, ಹಲಗೆ, ಏಣಿ, ಈ ನಾಲ್ಕರ ಫೋಟೋ ಸ್ಥಳದಲ್ಲೇ ತೆಗೆದು, ಹೊತ್ತಿನ ಗುರುತಿನ ಜೊತೆ ಹಾಕಿದರೆ ಸೋಮವಾರವೇ ವಾರದ ಸಹಿ ಮುಗಿಸುವ ಆಟ ನಿಲ್ಲುತ್ತದೆ. ಇಲಾಖೆಯವರು ಕಚೇರಿಯಲ್ಲೇ ಕೂತು ನೋಡಬಹುದು. ಆದರೆ ಹತ್ತುವವರಿಗೆ ಬೇಕಾದ ಮಾತು ಕೋಡಿನ ಒಳಗೆ ಅಡಗಬಾರದು. ಎತ್ತರದ ಕೆಲಸದಲ್ಲಿ ಫೋನ್ ಬಳಸಬಾರದು ಅಂತ ನಾವೇ ಹೇಳುತ್ತೇವೆ. ಗಾರೆ ಮೆತ್ತಿದ ಕೈಯಲ್ಲಿ ಸ್ಕ್ಯಾನ್ ಮಾಡಿ ಅನ್ನುವುದು ಆಗದ ಮಾತು.

ಇಷ್ಟೆಲ್ಲ ಮಾಡಿದರೂ ಒಂದು ಗಟ್ಟಿ ವಿಷಯ ಉಳಿಯುತ್ತದೆ. ಸಂಜೆ ಮೂರು ಗಂಟೆಗೆ ಟೈ ಬಿಚ್ಚಿರುವುದು ಮೊದಲು ಕಾಣುವುದು ಮೇಲಿರುವ ಮೇಸ್ತ್ರಿಗೋ ಹೆಲ್ಪರ್‌ಗೋ ಹೊರತು ನನಗಲ್ಲ. ಕೆಲಸ ಮಾಡುವ ಪ್ರತಿಯೊಬ್ಬರಿಗೂ ಹಸಿರು ಕಾರ್ಡ್ ಎಳೆದು ತೆಗೆಯುವ ಹಕ್ಕು ಇರಬೇಕು. ಹಾಕುವ ಹಕ್ಕು ಇಬ್ಬರಿಗೆ, ತೆಗೆಯುವ ಹಕ್ಕು ಎಲ್ಲರಿಗೆ. ಕಾಗದದಲ್ಲಿ ಇದರ ಬೀಜ ಈಗಾಗಲೇ ಇದೆ. 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯಲ್ಲಿ, ಜೀವಕ್ಕೆ ಅಪಾಯ ಕಂಡರೆ ಕಾರ್ಮಿಕರು ಅದನ್ನು ಮಾಲೀಕರ ಗಮನಕ್ಕೆ ತರುವ ಹಕ್ಕು ಇದೆ. ಆದರೆ ದಿನಗೂಲಿಯವರಿಗೆ ದೊಡ್ಡ ಭಯ ಹಾಜರಿಯದ್ದು. ಕಾರ್ಡ್ ತೆಗೆದರೆ ಕೆಲಸ ನಿಲ್ಲುತ್ತದೆ, ಕೆಲಸ ನಿಂತರೆ ಅರ್ಧ ಹಾಜರಿ, ನಾಳೆಯಿಂದ ಬರಬೇಡ ಅನ್ನುವ ಮಾತು. ಮನೆಗೆ ದುಡ್ಡು ಕಳಿಸಬೇಕಾದವರು ಸುಮ್ನೆ ಹತ್ತಿಬಿಡುತ್ತಾರೆ. ಕಾರ್ಡ್ ತೆಗೆದ ಕಾರಣಕ್ಕೆ ನಿಂತ ಹೊತ್ತಿನ ಕೂಲಿ ಕಡಿಯುವಂತಿಲ್ಲ ಅಂತ ನಿಯಮದಲ್ಲೇ ಬರೆಯಿರಿ. ಆ ಸಾಲು ಟ್ಯಾಗಿನ ಮೇಲೂ ಅಚ್ಚಾಗಲಿ. ಇದಿಲ್ಲದೆ ಬಾಕಿ ಸುಧಾರಣೆಗಳಿಗೆ ಜೀವ ಬರುವುದಿಲ್ಲ ಅಂತ ನಾನು ನಂಬಿದ್ದೇನೆ.

ಸಣ್ಣ ಸೈಟುಗಳ ಗತಿ ಏನು? ಹೊಸ ಸಂಹಿತೆಯಲ್ಲಿ ಕಟ್ಟಡ ಕೆಲಸಕ್ಕೆ ಸುರಕ್ಷತಾ ಅಧಿಕಾರಿ ಕಡ್ಡಾಯ ಆಗುವುದು 250 ಕಾರ್ಮಿಕರು ಇದ್ದಾಗ. ಬೆಂಗಳೂರಿನಲ್ಲಿ 30×40 ಸೈಟಿನಲ್ಲಿ ನಾಲ್ಕು ಅಂತಸ್ತು ಏಳುವಾಗ ಒಂದು ದಿನಕ್ಕೆ ಎಂಟು ಜನ ಇದ್ದರೆ ಹೆಚ್ಚು. ಬಹುತೇಕ ನಿಯಮಗಳು ಹತ್ತು ಜನರಿಂದ ಶುರು. ಅಲ್ಲಿ ಸಾರುವೆ ಅಂದರೆ ನೀಲಗಿರಿ ಕಂಬ, ಬಿದಿರು, ಹಗ್ಗ. ಟ್ಯಾಗಿನ ಹೆಸರನ್ನೇ ಕೇಳಿದವರಿಲ್ಲ. ಅದರ ಕೆಳಗೆ ರಸ್ತೆ, ಶಾಲೆಗೆ ಹೋಗುವ ಮಕ್ಕಳು. ಎತ್ತರಕ್ಕೆ ನಿಲ್ಲಿಸಿದ ತಾತ್ಕಾಲಿಕ ವಸ್ತು ದಾರಿಹೋಕರನ್ನೂ ಬಿಡುವುದಿಲ್ಲ. 2023ರ ಜನವರಿ 10ರಂದು ಎಚ್‌ಬಿಆರ್ ಲೇಔಟ್ ಹತ್ತಿರ ಮೆಟ್ರೊ ಕಂಬದ ಕಬ್ಬಿಣದ ಸರಳಿನ ಚೌಕಟ್ಟು ರಸ್ತೆಗೆ ಉರುಳಿ ಬೈಕಿನಲ್ಲಿ ಹೋಗುತ್ತಿದ್ದ ತಾಯಿ ಮತ್ತು ಪುಟ್ಟ ಮಗು ಸತ್ತರು. ಅದು ಸಾರುವೆ ಅಲ್ಲ, ನಿಜ. ಆದರೆ ಅದನ್ನೂ ಯಾರೋ ನೋಡಿ, ಇದು ನಿಲ್ಲುತ್ತದೆ ಅಂತ ಹೆಸರು ಹಾಕಬೇಕಿತ್ತು. ಸೆಂಟ್ರಿಂಗ್, ಸರಳಿನ ಚೌಕಟ್ಟು, ಪೇಂಟರ್‌ಗಳು ಹಗ್ಗಕ್ಕೆ ನೇತುಹಾಕಿಕೊಂಡು ಕೂರುವ ಜೂಲಾ, ಇವಕ್ಕೂ ಟ್ಯಾಗ್ ಬೇಕು. ಸಣ್ಣ ಮನೆಗಳಿಗೆ ಪ್ಲ್ಯಾನ್ ಮಂಜೂರಾತಿ ಕೊಡುವಾಗಲೇ ನಗರ ಪಾಲಿಕೆಗಳು ಎರಡು ಹೋಲ್ಡರ್, ಒಂದು ಕಟ್ಟು ಕಾರ್ಡ್, ಚಿತ್ರದ ಒಂದು ಹಾಳೆ ಕೈಗೆ ಕೊಡಲಿ. ಎಂಜಿನಿಯರ್ ಇಲ್ಲದ ಕಡೆ ಮೇಸ್ತ್ರಿಯೇ ನೋಡಿ ಹೆಸರು ಬರೆಯಲಿ. ಮೇಸ್ತ್ರಿಗಳಿಗೆ ಒಂದು ದಿನದ ತರಬೇತಿ ಕೊಟ್ಟರೆ ಅವರು ಇದನ್ನು ನಮಗಿಂತ ಚೆನ್ನಾಗಿ ಮಾಡುತ್ತಾರೆ. ಕಂಬ ಬಡಿದು ಸದ್ದು ಕೇಳಿಯೇ ಒಳಗೆ ಟೊಳ್ಳಾಗಿದೆ ಅನ್ನುವವರು ಅವರು.

ದುಡ್ಡು ಎಲ್ಲಿಂದ ಅಂತ ಕೇಳಬೇಡಿ. ಕಟ್ಟಡದ ಖರ್ಚಿನ ಶೇಕಡ 1ರಷ್ಟು ಸೆಸ್ ಕಲ್ಯಾಣ ಮಂಡಳಿಗೆ ಬರುತ್ತದೆ. ಅದು ಈ ಕಾರ್ಮಿಕರ ಹೆಸರಿನಲ್ಲೇ ಬಂದ ಹಣ. ಹೋಲ್ಡರ್ ಮತ್ತು ಕಾರ್ಡುಗಳ ಅಚ್ಚು ಮಂಡಳಿಯೇ ಮಾಡಿಸಲಿ. ಇಡೀ ರಾಜ್ಯಕ್ಕೆ ಒಂದೇ ನಮೂನೆ ಇದ್ದರೆ ವೈಟ್‌ಫೀಲ್ಡಿನಲ್ಲಿ ಕಲಿತವರು ಹುಬ್ಬಳ್ಳಿಯಲ್ಲೂ ಓದುತ್ತಾರೆ.

ಇದನ್ನೆಲ್ಲ ಈಗಲೇ ಬರೆಯಲು ಕಾರಣ ಇದೆ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. 1996ರ ಕಾಯ್ದೆ ಅದರೊಳಗೆ ಸೇರಿದೆ. ಹಳೇ ನಿಯಮಗಳನ್ನು ಹೊಸದಕ್ಕೆ ಹೊಂದಿಸುವ ಈ ಹೊತ್ತಿನಲ್ಲಿ ಸಾರುವೆಯ ಅಧ್ಯಾಯಕ್ಕೆ ಟ್ಯಾಗಿನ ನಮೂನೆಯನ್ನು ಅನುಬಂಧವಾಗಿ ಸೇರಿಸುವುದು ಕಷ್ಟವಲ್ಲ. ಅಂತಿಮ ಮಾಡುವ ಮುಂಚೆ ಅದನ್ನು ಎಂಜಿನಿಯರ್‌ಗಳಿಗೆ ಮಾತ್ರ ತೋರಿಸಬೇಡಿ. ಬೆಂಗಳೂರು, ಮಂಗಳೂರು, ಕಲಬುರಗಿಯ ಒಂದೊಂದು ಸೈಟಿಗೆ ತೆಗೆದುಕೊಂಡು ಹೋಗಿ ಏಣಿಯ ಬುಡದಲ್ಲಿ ನೇತುಹಾಕಿ. ಗಾರೆಯವರನ್ನು, ಪೇಂಟರ್‌ಗಳನ್ನು, ಬಾಂಡ್ಲಿ ಹೊರುವ ಹೆಂಗಸರನ್ನು ಕರೆದು ಕೇಳಿ: ಇದು ಏನು ಹೇಳುತ್ತಿದೆ? ಎಷ್ಟು ಚೀಲ ಇಡಬಹುದು? ಇವತ್ತು ಹತ್ತಬಹುದಾ? ಅವರು ಎಲ್ಲಿ ತಡವರಿಸುತ್ತಾರೋ ಆ ಸಾಲನ್ನು ಬದಲಿಸಿ. ಅಂಥ ಪರೀಕ್ಷೆಗೆ ಯಾವ ಸೈಟಿಗೆ ಕರೆದರೂ ಬಂದು ಜೊತೆಗೆ ನಿಂತು ಕೆಲಸ ಮಾಡಲು ನಾನು ಮತ್ತು ನನ್ನಂಥ ಎಷ್ಟೋ ಜನ ಸಿದ್ಧರಿದ್ದೇವೆ.

ಇಂತಿ,
ಬೆಂಗಳೂರಿನ ಒಬ್ಬ ಸೈಟ್ ಸುರಕ್ಷತಾ ಅಧಿಕಾರಿ